ಐದೆಲೆಯ ಲೆಕ್ಕ, ಬಾಜಿಯ ಲೆಕ್ಕ

ಪಿ.ಯು.ಸಿ. ಗಣಿತದ ಸಂಭವನೀಯತೆ ಪಾಠದಲ್ಲಿ ‘52 ಎಲೆಗಳ ಇಸ್ಪೀಟು ಕಟ್ಟಿನಿಂದ...’ ಎಂದು ಶುರುವಾಗುವ ಪ್ರಶ್ನೆ ಇದ್ದೇ ಇರುತ್ತದೆ. ಇಸ್ಪೀಟು ಮುಟ್ಟಿದರೆ ಬೈಯುವ ಮನೆಯ ಮಕ್ಕಳು ಆಟಿನ್ ಯಾವುದು, ಕಳಾವರ್ ಯಾವುದು ತಿಳಿಯದೆ ಅಂಕ ಕಳೆದುಕೊಳ್ಳುವುದೂ ಉಂಟು! ಈ ವಾರ ಅಮೆರಿಕದ ಪೋಕರ್ ಆಟವನ್ನು ನೋಡೋಣ. ಪೋಷಕರು ಹುಬ್ಬು ಗಂಟಿಕ್ಕುವುದು ಬೇಡ. ನಾವು ಇಡುವುದು ಹಣವನ್ನಲ್ಲ, ಹುಣಸೆ ಬೀಜವನ್ನು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಹರಡಿದ ಆಟವಿದು. ಐದು ಎಲೆ ಸೇರಿದರೆ ಒಂದು ‘ಕೈ’. 52 ಎಲೆಗಳಿಂದ ಐದನ್ನು ಆರಿಸುವ ವಿಕಲ್ಪಗಳು 25,98,960. ಇವುಗಳಲ್ಲಿ ಯಾವುದು ದೊಡ್ಡ ಕೈ? ಅಪರೂಪವಾದದ್ದು ದೊಡ್ಡದು, ಅಷ್ಟೇ. ಒಂದೇ ಜೋಡಿ ಇರುವ ಕೈಗಳು 10,98,240. ಎರಡು ಜೋಡಿಯವು 1,23,552. ಒಂದೇ ಅಂಕಿಯ ಮೂರು ಎಲೆ ಇರುವವು 54,912. ಸಾಲಾಗಿ ಬರುವ ಐದು ಎಲೆಗೆ ‘ಸ್ಟ್ರೇಟ್’ ಎಂದು ಹೆಸರು, ಅವು 10,200. ಒಂದೇ ಜಾತಿಯ ಐದು ಎಲೆ ‘ಫ್ಲಶ್’, ಅವು 5,108. ಮೂರರ ಜೊತೆ ಒಂದು ಜೋಡಿ ಕೂಡಿದರೆ ‘ಫುಲ್ ಹೌಸ್’, 3,744. ಒಂದೇ ಅಂಕಿಯ ನಾಲ್ಕೂ ಎಲೆ ಬರುವುದು 624 ಸಲ. ಒಂದೇ ಜಾತಿಯಲ್ಲಿ ಸಾಲಾಗಿಯೂ ಇರುವವು ಬರೀ 40. ಏನೂ ಕೂಡದ ಕೈಗಳೇ ಅರ್ಧಕ್ಕಿಂತ ಹೆಚ್ಚು, 13,02,540!

ನಮ್ಮ ಕಡೆಯ ಮೂರೆಲೆ ಆಟದಲ್ಲಿ ಸಾಲು ಎಲೆಗಳು ಒಂದೇ ಜಾತಿಯ ಎಲೆಗಳನ್ನು ಸೋಲಿಸುತ್ತವೆ, ಪೋಕರಿನಲ್ಲಿ ಅದು ತಿರುವುಮುರುವು. ಕಾರಣ ಎಣಿಕೆಯಲ್ಲೇ ಇದೆ. ಮೂರೆಲೆಯ 22,100 ಕೈಗಳಲ್ಲಿ ಬರೀ ಸಾಲು 720, ಬರೀ ಜಾತಿ 1,096. ಆದರೆ ಒಂದು ತಮಾಷೆ ನೋಡಿ. ಒಂದೇ ಅಂಕಿಯ ಮೂರು ಎಲೆ 52 ಬಗೆಯಲ್ಲಿ ಬರುತ್ತವೆ, ಒಂದೇ ಜಾತಿಯ ಸಾಲು 48 ಬಗೆಯಲ್ಲಿ. ಆದರೂ ವಾಡಿಕೆಯಲ್ಲಿ ಮೊದಲನೆಯದೇ ದೊಡ್ಡದು! ಈ 52 ಮತ್ತು 48 ಹೇಗೆ ಬಂದವೆಂದು ನೀವೇ ಲೆಕ್ಕ ಹಾಕಿ. ಎಕ್ಕ-ಎರಡು-ಮೂರೂ ಸಾಲೇ ಎಂಬುದನ್ನು ಮರೆಯಬೇಡಿ.

ಇನ್ನು ಬಾಜಿ. ಒಬ್ಬ ಹತ್ತು ಬೀಜ ನಡುವಿಗೆ ಹಾಕಿದನೆನ್ನಿ. ಮುಂದಿನವನ ಮುಂದೆ ಮೂರು ದಾರಿ: ತಾನೂ ಹತ್ತು ಹಾಕಿ ಸಮ ಮಾಡುವುದು, ಇನ್ನೂ ಏರಿಸುವುದು, ಇಲ್ಲವೇ ಎಲೆ ಕೆಳಗಿಟ್ಟು ಹಿಂದೆ ಸರಿಯುವುದು. ಸರಿದವನಿಗೆ ಅದುವರೆಗೆ ಹಾಕಿದ್ದು ವಾಪಸ್ಸಿಲ್ಲ. ಉಳಿದವರೆಲ್ಲ ಸಮ ಹಾಕಿದರೆ ಸುತ್ತು ಮುಗಿಯಿತು. ಇಂದು ಹೆಚ್ಚು ಜನಪ್ರಿಯವಾಗಿರುವ ‘ಟೆಕ್ಸಾಸ್ ಹೋಲ್ಡೆಮ್’ನಲ್ಲಿ ಒಬ್ಬೊಬ್ಬರಿಗೆ ಎರಡು ಗುಟ್ಟಿನ ಎಲೆ, ಎಲ್ಲರಿಗೂ ಸೇರಿದ ಐದು ಎಲೆ ನಡುವೆ ತೆರೆಯುತ್ತವೆ, ಮೊದಲು ಮೂರು, ಆಮೇಲೆ ಒಂದು, ಮತ್ತೊಂದು. ಏಳರಲ್ಲಿ ಒಳ್ಳೆಯ ಐದು ನಿಮ್ಮ ಕೈ. ಬಾಜಿ ನಾಲ್ಕು ಸುತ್ತು.

ಕೊನೆಯ ಎಲೆ ಬಾಕಿಯಿದೆ, ನಿಮ್ಮ ಲೆಕ್ಕಕ್ಕೆ ನಾಲ್ಕು ಆಟಿನ್ ಸೇರಿವೆ ಎನ್ನಿ. ಕಾಣದ ಎಲೆಗಳು 46, ಅವುಗಳಲ್ಲಿ ಆಟಿನ್ 9. ಐದನೆಯ ಆಟಿನ್ ಬರುವ ಸಂಭವ 46ಕ್ಕೆ 9, ಅಂದರೆ ಸುಮಾರು ಶೇ. 20. ನಡುವೆ 80 ಬೀಜವಿದೆ, ಎದುರಾಳಿ 20 ಹಾಕುತ್ತಾನೆ. ನೀವು 20 ಕೊಟ್ಟರೆ ಒಟ್ಟು 120ರಲ್ಲಿ ನಿಮ್ಮ ಪಾಲು ಆರರಲ್ಲೊಂದು, ಶೇ. 17ರಷ್ಟು. ಬೆಲೆಗಿಂತ ಸಂಭವ ಹೆಚ್ಚು, ಆಡಬಹುದು. ನಡುವೆ 60 ಇದ್ದು ಆತ 40 ಹಾಕಿದರೆ? 140ಕ್ಕೆ 40, ಅಂದರೆ ಸುಮಾರು ಶೇ. 29. ಎಲೆ ಕೆಳಗಿಡಿ!

ಎಲ್ಲರೂ ಸರಿದರೆ ಉಳಿದೊಬ್ಬ ಎಲೆ ತೋರಿಸದೆಯೇ ಗೆಲ್ಲುತ್ತಾನೆ. ಆದ್ದರಿಂದಲೇ ಕೆಟ್ಟ ಕೈ ಹಿಡಿದು ಜೋರಾಗಿ ಬಾಜಿ ಕಟ್ಟುವ ‘ಬ್ಲಫ್’. ಇದು ಬರೀ ಮುಖಚರ್ಯೆಯ ಆಟವೆಂದುಕೊಳ್ಳಬೇಡಿ. ಒಳ್ಳೆಯ ಕೈಗೆ ಮಾತ್ರ ಬಾಜಿ ಏರಿಸುವವನನ್ನು ಕಂಡು ಎಲ್ಲರೂ ಸರಿಯುತ್ತಾರೆ. ಆಗೀಗ ಬ್ಲಫ್ ಮಾಡುವುದೇ ತರ್ಕಬದ್ಧ. ಗಣಿತಜ್ಞ ಜಾನ್ ಫಾನ್ ನಾಯ್ಮನ್, ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರ 1944ರ ಗ್ರಂಥದಲ್ಲಿ ಇದರ ವಿವರವಿದೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರೇಟಸ್’ ಕಂಪ್ಯೂಟರ್ ಕಾರ್ಯಕ್ರಮ ನಾಲ್ವರು ನುರಿತ ಆಟಗಾರರನ್ನು ಸೋಲಿಸಿತು. ಅದಕ್ಕೆಲ್ಲಿಯ ಮುಖ!

‘ಇದು ಬುದ್ಧಿಯ ಆಟ ಅಪ್ಪಾ’ ಎಂದು ಮೊಬೈಲ್ ಹಿಡಿದ ಮಗ ವಾದಿಸಿದರೆ ಅದು ಅರ್ಧ ನಿಜ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಬುದ್ಧಿಯದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿತು. ಆ ಮಾತು ಬಿಟ್ಟರೂ ಇನ್ನೊಂದು ಲೆಕ್ಕ ಉಳಿಯುತ್ತದೆ. ಆಟ ನಡೆಸುವವರು ಪ್ರತಿ ಬಾಜಿಯಿಂದ ತಮ್ಮ ಪಾಲು ತೆಗೆಯುತ್ತಾರೆ. ಐವರು ತಲಾ 1,000 ರೂಪಾಯಿ ತಂದರೆನ್ನಿ. ಬಾಜಿ ಸರಾಸರಿ 200 ರೂ., ಪಾಲು ಶೇ. 5, ಅಂದರೆ 10 ರೂ. ಗಂಟೆಗೆ 60 ಆಟವಾದರೆ 600 ರೂ. ನಾಲ್ಕು ಗಂಟೆಯಲ್ಲಿ 2,400 ರೂ. ಹೋಯಿತು, ಐವರ ಬಳಿ ಉಳಿದದ್ದು 2,600. ಬುದ್ಧಿವಂತನೊಬ್ಬ 1,600 ರೂ. ಹಿಡಿದು ಮೇಲೆದ್ದರೆ, ನಾಲ್ಕು ಸಾವಿರ ತಂದಿದ್ದ ಉಳಿದ ನಾಲ್ವರಿಗೆ ಸೇರಿ ಸಿಗುವುದು ಒಂದು ಸಾವಿರ.