ಸೊಪ್ಪು ತಿನ್ನಿ, ಕಾಲಿನ ಜೋಮನ್ನು ಕಡೆಗಣಿಸಬೇಡಿ

ಮಳೆ ಬಿದ್ದು ರಾಗಿ ಹೊಲಗಳು ಹಸಿರಾದರೆ ಕ್ಯಾಸಂಬಳ್ಳಿ, ಬಂಗಾರಪೇಟೆ, ಕೆಜಿಎಫ್ ಸುತ್ತಲಿನ ಹಳ್ಳಿಗಳಲ್ಲಿ ಬೆರಕೆ ಸೊಪ್ಪಿನ ಕಾಲ ಬಂತೆಂದೇ ಅರ್ಥ. ಅಣ್ಣೆ, ಗೋಣಿ, ಕೀರೆ, ಹೊನಗೊನೆ, ಗಣಿಕೆ ಹೀಗೆ ಬದುಗಳಲ್ಲಿ ತಾನಾಗಿಯೇ ಬೆಳೆಯುವ ಸೊಪ್ಪುಗಳನ್ನು ಹೆಂಗಸರು ಮಡಿಲು ತುಂಬ ಕಿತ್ತು ತರುತ್ತಾರೆ. ಮಸ್ಸೊಪ್ಪೋ ಬಸ್ಸಾರೋ ಆದರೆ ಮುದ್ದೆಗೆ ಬೇರೇನೂ ಬೇಡ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಸೊಪ್ಪಿಗೆ ಎರಡನೆಯ ಸ್ಥಾನ. ಸೋಸಲು ಪುರುಸೊತ್ತಿಲ್ಲ, ಮಕ್ಕಳು ಮುಟ್ಟುವುದಿಲ್ಲ, ಮಾಂಸ ತಂದ ದಿನ ಸೊಪ್ಪು ಯಾಕೆ ಎಂಬ ಮಾತುಗಳು ಸಾಮಾನ್ಯ. ಇನ್ನೊಂದೆಡೆ, ಸೊಪ್ಪಿನ ರಸ ಕುಡಿದರೆ ನರ ದೌರ್ಬಲ್ಯವೆಲ್ಲ ಮಾಯವಾಗುತ್ತದೆ ಎಂದು ನಂಬುವವರೂ ಇದ್ದಾರೆ. ಈ ಎರಡರ ನಡುವೆ ಇರುವ ಸತ್ಯವನ್ನು ತಿಳಿದುಕೊಳ್ಳೋಣ.

ರಕ್ತ ಸಂಚಾರಕ್ಕೆ

ಹಸಿರು ಸೊಪ್ಪಿನಲ್ಲಿ ನೈಟ್ರೇಟ್ ಎಂಬ ಅಂಶ ಸಹಜವಾಗಿಯೇ ಇರುತ್ತದೆ. ಅದು ರಕ್ತಕ್ಕೆ ಸೇರಿ, ಜೊಲ್ಲಿನ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಮೇಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದರಿಂದ ದೇಹವು ನೈಟ್ರಿಕ್ ಆಕ್ಸೈಡ್ ತಯಾರಿಸಿಕೊಳ್ಳುತ್ತದೆ. ಇದು ರಕ್ತನಾಳದ ಗೋಡೆಯನ್ನು ಸಡಿಲಗೊಳಿಸುತ್ತದೆ. ನಾಳ ಹಿಗ್ಗಿ ರಕ್ತ ಸರಾಗವಾಗಿ ಹರಿಯುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಕೆಲಸವನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೋ ಮತ್ತು ಫೆರಿದ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಾಗೆಂದು ಬಿ.ಪಿ. ಮಾತ್ರೆ ನಿಲ್ಲಿಸಿ ಸೊಪ್ಪಿನ ಮೇಲೆ ಭಾರ ಹಾಕುವುದು ಅಪಾಯ. ಸೊಪ್ಪು ಮಾತ್ರೆಗೆ ಜೊತೆಗಾರ, ಬದಲಿಯಲ್ಲ.

ಮಗುವಿನ ನರಕ್ಕೆ

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯ ಕಾರಣ ಹುಡುಕುವುದು ಅವರ ಕೆಲಸವಾಗಿತ್ತು. ಬಡ ಮುಸ್ಲಿಮ್ ಮಹಿಳೆಯರ ಊಟವೇ ಎಲ್ಲರಿಗಿಂತ ಕಳಪೆ, ರೋಗವೂ ಅವರಲ್ಲೇ ಹೆಚ್ಚು ಎಂಬುದನ್ನು ಅವರು ಗಮನಿಸಿದರು. ಊಟದಲ್ಲಿ ಏನೋ ಒಂದು ಕೊರತೆಯಿದೆ ಎಂದು ಅರಿತು, ಯೀಸ್ಟಿನ ಸಾರ ಕೊಟ್ಟು ಗುಣಪಡಿಸಿದರು. ಆ ಕೊರತೆ ಯಾವುದೆಂದು ಮುಂದೆ ತಿಳಿಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಅಂಶವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು.

ಗರ್ಭದಲ್ಲಿ ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳಲು ಇದು ಬೇಕೇ ಬೇಕು. ಗರ್ಭ ನಿಂತ ಸುಮಾರು 28 ದಿನಗಳೊಳಗೆ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ. ಬೇಯಿಸಿದ ಅರ್ಧ ಕಪ್ ಪಾಲಕ್‌ನಲ್ಲಿ ಸುಮಾರು 130 ಮೈಕ್ರೋಗ್ರಾಂ ಫೋಲೇಟ್ ಸಿಗುತ್ತದೆ. ಆದರೆ ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂನ ಮಾತ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಮಗು ಬೇಕೆಂದಿರುವ ಸೊಸೆಗೆ ಸೊಪ್ಪನ್ನೂ ಬಡಿಸಿ, ಮಾತ್ರೆಯನ್ನೂ ನೆನಪಿಸಿ. ಹಿಂದೆ ಬೆನ್ನುಹುರಿಯ ದೋಷವಿದ್ದ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ವೈದ್ಯರನ್ನು ಮುಂಚಿತವಾಗಿಯೇ ಕಾಣಬೇಕು.

ಕಾಲಿನ ಜೋಮಿಗೆ?

ಪಾದ ಉರಿಯುವುದು, ಸೂಜಿ ಚುಚ್ಚಿದಂತಾಗುವುದು, ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯದಿರುವುದು ನರಗಳಿಗೆ ಪೆಟ್ಟು ಬಿದ್ದಿರುವ ಲಕ್ಷಣಗಳು. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಸಕ್ಕರೆ ಕಾಯಿಲೆ, ಮತ್ತೊಂದು ಬಿ12 ಜೀವಸತ್ವದ ಕೊರತೆ. ಬಿ12 ಯಾವ ಸೊಪ್ಪಿನಲ್ಲೂ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಮಾತ್ರ ಸಿಗುತ್ತದೆ.

ನಾವು ಮಾಂಸ ತಿನ್ನುವವರು, ನಮಗೆ ಆ ಕೊರತೆ ಬಾರದು ಎಂದು ಅನೇಕರು ಭಾವಿಸುತ್ತಾರೆ. ಆದರೆ ಮನೆಯಲ್ಲಿ ತುಂಡುಗಳು ಯಾರ ತಟ್ಟೆಗೆ ಹೋಗುತ್ತವೆ ಎಂದು ಯೋಚಿಸಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ತಾಯಿಗೆ ಉಳಿಯುವುದು ಬರೀ ಸಾರು. ವಯಸ್ಸಾದಂತೆ ಬಿ12 ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿಯೂ ಅದು ಕಡಿಮೆಯಾಗಬಹುದು. ಬಿ12 ಕೊರತೆಯಿದ್ದಾಗ ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗುತ್ತಿದ್ದರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ತಡವಾದರೆ ಹೋದ ಸ್ಪರ್ಶಜ್ಞಾನ ಪೂರ್ತಿ ಮರಳದಿರಬಹುದು. ಜೋಮು ಕೆಲವು ವಾರಗಳಿಂದ ಇದ್ದರೆ ಸಕ್ಕರೆ ಮತ್ತು ಬಿ12 ಎರಡರ ರಕ್ತಪರೀಕ್ಷೆಯನ್ನೂ ಮಾಡಿಸಿ.

ಬೇಯಿಸುವ ಬಗೆ

ಫೋಲೇಟ್ ಮತ್ತು ನೈಟ್ರೇಟ್ ಎರಡೂ ನೀರಿನಲ್ಲಿ ಕರಗುತ್ತವೆ. ಬೇಯಿಸಿದ ನೀರು ಚೆಲ್ಲಿದರೆ ಸತ್ವವೂ ಮೋರಿಗೆ ಹೋಯಿತು. ನಮ್ಮ ಬಸ್ಸಾರಿನ ಜಾಣತನ ಇಲ್ಲಿದೆ. ಬೇಳೆಯೊಂದಿಗೆ ಬೆಂದ ಸೊಪ್ಪನ್ನು ಬಸಿದು ಪಲ್ಯ, ಬಸಿದ ನೀರಿನಿಂದ ಸಾರು. ಏನೂ ವ್ಯರ್ಥವಾಗುವುದಿಲ್ಲ.

* ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ನೀರಿನಲ್ಲಿ ನೆನೆಸಬೇಡಿ.
* ಬೇಗ ಬೇಯುವ ಸೊಪ್ಪನ್ನು ಬೇಳೆ ಬೆಂದ ನಂತರವೇ ಹಾಕಿ.
* ಕೊನೆಗೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೂಡುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದಕ್ಕೆ ಅಡ್ಡಿ.
* ಸೊಪ್ಪೆಂದರೆ ಮುಖ ತಿರುಗಿಸುವ ಮಕ್ಕಳಿಗೆ ಮೆಂತ್ಯ ಸೊಪ್ಪಿನ ಕೈಮಾ ಅಥವಾ ಪಾಲಕ್ ಗೋಶ್ತ್ ಮಾಡಿ. ಸೊಪ್ಪಿನ ಫೋಲೇಟ್, ಮಾಂಸದ ಬಿ12 ಒಂದೇ ಪಾತ್ರೆಯಲ್ಲಿ ಸಿಗುತ್ತವೆ.
* ಹೊಲದ ಸೊಪ್ಪು ಕೀಳುವಾಗ ಔಷಧಿ ಸಿಂಪಡಿಸಿದ ಟೊಮ್ಯಾಟೊ ತೋಟದ ಬದುಗಳನ್ನು ಬಿಟ್ಟುಬಿಡಿ. ಗುರುತು ಸಿಗದ ಸೊಪ್ಪನ್ನು ಬೆರೆಸಬೇಡಿ.

ಯಾರು ಎಚ್ಚರ ವಹಿಸಬೇಕು?

ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರು ಸೊಪ್ಪು ತಿನ್ನುವ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಲೂಬಾರದು, ಬಿಡಲೂಬಾರದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಎದುರಾಗುತ್ತದೆ. ಮೂತ್ರಪಿಂಡದ ಕಾಯಿಲೆ ಅಥವಾ ಕಲ್ಲಿನ ತೊಂದರೆ ಇರುವವರು ಯಾವ ಸೊಪ್ಪು, ಎಷ್ಟು ಎಂದು ವೈದ್ಯರನ್ನೇ ಕೇಳಬೇಕು.

ಉಳಿದವರು ದಿನಕ್ಕೊಂದು ಹೊತ್ತಾದರೂ ಸೊಪ್ಪು ತಿನ್ನುವ ರೂಢಿ ಮಾಡಿಕೊಳ್ಳಿ. ಹಾಗೆಯೇ ಸಹೋದರಿಯರೇ, ಬಡಿಸುವ ಮೊದಲು ಒಂದು ಹಿಡಿ ಪಲ್ಯ ಮತ್ತು ಎರಡು ತುಂಡು ಮಾಂಸ ಅಥವಾ ಒಂದು ಮೊಟ್ಟೆಯನ್ನು ನಿಮಗಾಗಿ ತೆಗೆದಿಡಿ. ಇದು ಸ್ವಾರ್ಥವಲ್ಲ. ಮನೆಯವರೆಲ್ಲರ ಆರೋಗ್ಯ ನೋಡಿಕೊಳ್ಳುವವಳ ಕಾಲುಗಳೂ ಗಟ್ಟಿಯಾಗಿರಬೇಕಲ್ಲವೇ?