ಪ್ರಯೋಗಶಾಲೆಯ ಅಂಕಗಳೂ ವಿದ್ಯಾರ್ಥಿಯ ಆರೋಗ್ಯವೂ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡದ ಹಳೆಯ ಗಾದೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯ ಬಾಗಿಲ ಮೇಲೆ ಬರೆದಿಡಲು ಇದಕ್ಕಿಂತ ಯೋಗ್ಯವಾದ ಮಾತು ದೊರೆಯಲಾರದು. ಕಣ್ಣು ಕಂಡುದನ್ನು ಅಳತೆಯ ಒರೆಗೆ ಹಚ್ಚುವುದು, ಅಳೆದುದನ್ನು ಮತ್ತೊಮ್ಮೆ ಅಳೆಯುವುದು, ಎರಡೂ ಹೊಂದದಿದ್ದರೆ ಏಕೆಂದು ವಿಚಾರಿಸುವುದು. ಪ್ರಯೋಗಶಾಲೆ ಇರುವುದೇ ಈ ಮೂರು ಕೆಲಸಗಳಿಗಾಗಿ. ಆದರೆ ಮುಂಬಯಿಯಲ್ಲಿ ವಿಜ್ಞಾನವನ್ನು ಓದುತ್ತಿರುವ ಎಷ್ಟೋ ಮಕ್ಕಳಿಗೆ ಅದು ಅಂಕಗಳನ್ನು ಹೇಗಾದರೂ ದಕ್ಕಿಸಿಕೊಳ್ಳಬೇಕಾದ ಸ್ಥಳವಾಗಿ ಪರಿಣಮಿಸಿದೆ. ಲಿಖಿತ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯನ್ನು ಪಡೆಯುವ ವಿದ್ಯಾರ್ಥಿಯ ಕೈಯೂ ಪ್ರಯೋಗ ಪರೀಕ್ಷೆಯ ದಿನ ನಡುಗುತ್ತದೆ. ಓದಿದ್ದು ಸಾಲದೆಂದು ತಂದೆತಾಯಂದಿರು ಹೇಳುತ್ತಾರೆ; ಕೈಗೆ ಅಭ್ಯಾಸವಿಲ್ಲವೆಂದು ಅಧ್ಯಾಪಕರು ಹೇಳುತ್ತಾರೆ. ಎರಡು ಮಾತುಗಳಲ್ಲೂ ಸ್ವಲ್ಪ ಸತ್ಯವಿದ್ದೀತು. ಆದರೆ ದೋಷದ ದೊಡ್ಡ ಪಾಲು ಅಂಕ ಕೊಡುವ ಕ್ರಮದಲ್ಲಿದೆ. ಇನ್ನೊಂದು ಪಾಲು, ಯಾರೂ ಗಮನಿಸದ ವಿದ್ಯಾರ್ಥಿಯ ದೇಹಸ್ಥಿತಿಯಲ್ಲಿದೆ.

ಮೂರು ಬಾರಿ ಒಂದೇ ಅಂಕಿ

ಟೈಟ್ರೇಷನ್ ಎಂಬ ಪ್ರಯೋಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಫಿನಾಲ್ಫ್ತಲೀನ್ ಎಂಬ ಸೂಚಕದ ಎರಡು ಹನಿ. ಮೇಲಿನ ಬ್ಯೂರೆಟ್ಟಿನಿಂದ ಕ್ಷಾರದ ದ್ರಾವಣ ಹನಿಹನಿಯಾಗಿ ಇಳಿಯುತ್ತದೆ. ಬಣ್ಣವಿಲ್ಲದ ದ್ರವ ನಸುಗುಲಾಬಿಗೆ ತಿರುಗಿ ನಿಂತ ಕ್ಷಣದಲ್ಲಿ ನಲ್ಲಿಯನ್ನು ತಿರುವಿ ನಿಲ್ಲಿಸಬೇಕು. ಬ್ಯೂರೆಟ್ಟಿನ ಅತ್ಯಂತ ಸಣ್ಣ ಗುರುತು ಮಿಲಿಲೀಟರಿನ ಹತ್ತನೆಯ ಒಂದು ಭಾಗ. ಒಂದು ಹನಿಯ ಗಾತ್ರ ಅದರ ಸುಮಾರು ಅರ್ಧ. ಎರಡು ಹನಿ ಹೆಚ್ಚು ಬಿದ್ದರೆ ಅಂಕಿ ಬದಲಾಯಿತು.

ಜರ್ನಲಿನ ಕೋಷ್ಟಕದಲ್ಲಿ ಮೊದಲು ಅಂದಾಜಿನ ‘ಪೈಲಟ್’ ಅಳತೆ, ಬಳಿಕ ಮೂರು ಅಳತೆಗಳು, ಕೊನೆಗೆ ‘ಸಿ.ಬಿ.ಆರ್.’ ಎಂದು ಕರೆಯುವ ಸ್ಥಿರವಾದ ಅಂಕಿ. ಮೂರು ಸಲವೂ 10.2, 10.2, 10.2 ಎಂದು ಒಂದೇ ಆಗಿ ಬರುವುದು ನುರಿತ ಕೈಗೂ ನಿತ್ಯಸಾಧ್ಯವಲ್ಲ. 10.2, 10.3, 10.2 ಎಂದು ಬರೆದವನು ತಾನು ಕಂಡುದನ್ನು ಬರೆದಿದ್ದಾನೆ. ಆದರೆ ಬರೆಯುವಾಗ ಅವನಿಗೆ ಭಯ. ಪರೀಕ್ಷಕರ ಕೈಯಲ್ಲಿರುವ ಅಂಕಿಗೆ ತನ್ನ ಅಂಕಿ ಹತ್ತಿರವಿಲ್ಲದಿದ್ದರೆ ಅಂಕಗಳು ಕಡಿತವಾಗುತ್ತವೆಂದು ಹಿರಿಯ ವಿದ್ಯಾರ್ಥಿಗಳು ಅವನಿಗೆ ಮೊದಲೇ ತಿಳಿಸಿರುತ್ತಾರೆ. ಆದುದರಿಂದ ಬೆಳಗಿನ ತಂಡದವರಿಂದ ಉತ್ತರವನ್ನು ಕೇಳಿ ತಿಳಿಯುವುದು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಳತೆಗಳನ್ನು ತುಂಬುವುದು, ಹಿಂದಿನ ವರ್ಷದ ಜರ್ನಲನ್ನು ನಕಲು ಮಾಡುವುದು ಇವೆಲ್ಲ ರೂಢಿಗೆ ಬರುತ್ತವೆ. ಪ್ರಯೋಗಶಾಲೆಯಲ್ಲಿ ಹೆಚ್ಚು ಅಂಕ ಪಡೆದವನು ಹೆಚ್ಚು ಕಲಿತವನೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಅಂಕಿ ಹೊಂದದಿರುವುದು ಯಾವಾಗಲೂ ಅಜಾಗರೂಕತೆಯ ಗುರುತೂ ಅಲ್ಲ. ಮುಂಬಯಿಯ ಜುಲೈ ತಿಂಗಳ ಗಾಳಿಯಲ್ಲಿ ಸೋಡಿಯಮ್ ಹೈಡ್ರಾಕ್ಸೈಡಿನ ಬಿಳಿಯ ಗುಳಿಗೆಗಳು, ತೂಗಲು ಗಾಜಿನ ಬಿಲ್ಲೆಯ ಮೇಲಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಬೆವರತೊಡಗುತ್ತವೆ. ಗಾಳಿಯ ತೇವವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಅವು ಹೀರಿಕೊಳ್ಳುತ್ತವೆ. ತಕ್ಕಡಿ ತೋರಿಸುವ ತೂಕದಲ್ಲಿ ನಿಜವಾದ ಕ್ಷಾರ ಅಷ್ಟು ಕಡಿಮೆ. ಆದಕಾರಣವೇ ಅಂಥ ದ್ರಾವಣವನ್ನು ಆಕ್ಸಾಲಿಕ್ ಆಮ್ಲದಂಥ ಸ್ಥಿರ ವಸ್ತುವಿನ ದ್ರಾವಣದೊಡನೆ ಹೋಲಿಸಿ ಅದರ ಬಲವನ್ನು ಗೊತ್ತುಮಾಡಬೇಕಾಗುತ್ತದೆ. ಅಂಕಿ ಏಕೆ ಬದಲಾಯಿತೆಂದು ಹೀಗೆ ಮೂರು ವಾಕ್ಯಗಳಲ್ಲಿ ವಿವರಿಸಬಲ್ಲ ವಿದ್ಯಾರ್ಥಿಗೆ ಪೂರ್ಣ ಅಂಕಗಳು ಸಲ್ಲಬೇಕು. ಏನೂ ತಿಳಿಯದೆ ಸರಿಯಾದ ಅಂಕಿಯನ್ನು ಮಾತ್ರ ಬರೆದವನಿಗೆ ಸಲ್ಲಬಾರದು.

ಹೊಂದದ ಅಂಕಿಯ ಬೆಲೆ

ವಿಜ್ಞಾನದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1892ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ಸಾರಜನಕದ ಸಾಂದ್ರತೆಯನ್ನು ಅಳೆಯುತ್ತಿದ್ದಾಗ, ಗಾಳಿಯಿಂದ ಬೇರ್ಪಡಿಸಿದ ಸಾರಜನಕವು ರಾಸಾಯನಿಕ ವಸ್ತುಗಳಿಂದ ತಯಾರಿಸಿದ ಸಾರಜನಕಕ್ಕಿಂತ ತುಸು ಭಾರವಾಗಿ ಕಂಡಿತು. ಪ್ರಯೋಗವನ್ನು ಎಷ್ಟು ಶುದ್ಧಗೊಳಿಸಿದರೂ ಸುಮಾರು 200ರಲ್ಲಿ 1 ಭಾಗದಷ್ಟು ವ್ಯತ್ಯಾಸ ಉಳಿದೇ ಉಳಿಯಿತು. ಅದನ್ನು ಅವರು ಅಳಿಸಿಹಾಕಲಿಲ್ಲ. ಬಹಿರಂಗವಾಗಿ ಪ್ರಕಟಿಸಿ, ಕಾರಣ ಬಲ್ಲವರು ತಿಳಿಸಬೇಕೆಂದು ಕೇಳಿಕೊಂಡರು. ವಿಲಿಯಂ ರಾಮ್ಸೆ ಅವರೊಡನೆ ಕೂಡಿ ಮುಂದುವರಿಸಿದ ಈ ಶೋಧನೆಯಿಂದ 1894ರಲ್ಲಿ ಆರ್ಗಾನ್ ಎಂಬ ಹೊಸ ಅನಿಲವೇ ಬೆಳಕಿಗೆ ಬಂದಿತು. 1904ರಲ್ಲಿ ರೇಲಿಯವರಿಗೆ ಭೌತಶಾಸ್ತ್ರದ, ರಾಮ್ಸೆಯವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಇದೇ ರಾಮ್ಸೆಯವರು ಜಮಶೇಟಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆಯ ಸಂಬಂಧವಾಗಿ ಭಾರತಕ್ಕೆ ಬಂದು, ಅದಕ್ಕೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದರು. 1909ರಲ್ಲಿ ಸ್ಥಾಪನೆಗೊಂಡ ಆ ಸಂಸ್ಥೆಯ ಬಾಗಿಲಿಗೆ 1933ರಲ್ಲಿ ಮುಂಬಯಿಯಿಂದ ಬಂದವರು ಕಮಲಾ ಭಾಗವತ್; ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದವರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದಿದ್ದರೂ, ಮಹಿಳೆಯೆಂಬ ಕಾರಣಕ್ಕಾಗಿ ಅವರಿಗೆ ಮೊದಲು ಪ್ರವೇಶ ದೊರೆಯಲಿಲ್ಲ. ಅವರು ಪಟ್ಟುಹಿಡಿದ ಮೇಲೆ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಒಪ್ಪಿದರು. ಷರತ್ತು ನ್ಯಾಯವಾದುದಾಗಿರಲಿಲ್ಲ, ಗಂಡು ವಿದ್ಯಾರ್ಥಿಗಳಿಗೆ ಅದು ಇರಲಿಲ್ಲ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು, ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಕುರಿತು ನಡೆಸಿದ ಕೆಲಸವನ್ನು ಕಂಡ ಮೇಲೆ ಷರತ್ತು ತಾನಾಗಿ ಬಿದ್ದುಹೋಯಿತು. ಆ ಬಳಿಕ ಇತರ ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆಯಿತು. 1939ರಲ್ಲಿ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದ ಅವರು, ಮುಂದೆ ಮುಂಬಯಿಯ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನಶಾಸ್ತ್ರವನ್ನು ಬೋಧಿಸಿ, ನೀರಾದ ಪೋಷಕಗುಣಗಳನ್ನು ಅಭ್ಯಸಿಸಿ, ಆ ಸಂಸ್ಥೆಯ ನಿರ್ದೇಶಕಿಯೂ ಆದರು. ಪೂರ್ವಗ್ರಹ ಅವರನ್ನು ಅಳೆಯಲಾರದೆ ಹೋಯಿತು. ಒಂದು ವರ್ಷದ ಕೆಲಸ ಅಳೆಯಿತು. ಮೂರು ಗಂಟೆಗಳ ಒಂದು ಪರೀಕ್ಷೆಯಿಂದ ವಿದ್ಯಾರ್ಥಿಯ ಹಣೆಬರಹವನ್ನು ಬರೆಯುವವರು ಇದನ್ನು ನೆನೆಯಬೇಕು.

ಕಣ್ಣಿನ ಮಾತು

ಬಣ್ಣವನ್ನು ನಂಬಿ ನಡೆಯುವ ಪ್ರಯೋಗದಲ್ಲಿ ಬಣ್ಣ ಕಾಣದ ಕಣ್ಣಿನ ಗತಿಯೇನು? ಕೆಂಪು ಹಸಿರುಗಳ ಭೇದವನ್ನು ಸರಿಯಾಗಿ ಗುರುತಿಸಲಾಗದ ವರ್ಣಾಂಧತೆ ಹುಟ್ಟಿನಿಂದಲೇ ಬರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು. ಯೂರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ದೋಷವಿದೆ. ಭಾರತದಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆಯಾದರೂ, ದೊಡ್ಡ ತರಗತಿಯೊಂದರಲ್ಲಿ ಇಂಥ ಒಬ್ಬಿಬ್ಬರಾದರೂ ಇರುವುದು ಅಸಂಭವವಲ್ಲ. ಅನೇಕರಿಗೆ ತಮಗೆ ಈ ದೋಷವಿದೆಯೆಂಬುದೇ ತಿಳಿದಿರುವುದಿಲ್ಲ. ಮೀಥೈಲ್ ಆರೆಂಜ್ ಸೂಚಕ ಕೆಂಪಿನಿಂದ ಹಳದಿಗೆ ತಿರುಗುವುದು, ಫಿನಾಲ್ಫ್ತಲೀನ್ ಮೊದಲ ನಸುಗುಲಾಬಿ ಛಾಯೆಯನ್ನು ತಾಳುವುದು ಅಂಥವರಿಗೆ ತಡವಾಗಿ ಕಾಣಬಹುದು, ಕಾಣದೆಯೂ ಹೋಗಬಹುದು. ಹನಿಗಳು ಹೆಚ್ಚು ಬೀಳುತ್ತವೆ, ಅಂಕಗಳು ಇಳಿಯುತ್ತವೆ, ಹುಡುಗ ದಡ್ಡನೆಂಬ ಹೆಸರು ಹೊರುತ್ತಾನೆ.

ಆಧುನಿಕ ಪರಮಾಣುವಾದದ ಜನಕನಾದ ಜಾನ್ ಡಾಲ್ಟನ್‌ಗೇ ಈ ದೋಷವಿತ್ತು. ತನ್ನ ಕಣ್ಣುಗಳ ಈ ವೈಚಿತ್ರ್ಯವನ್ನು ಕುರಿತು ಆತ 1794ರಲ್ಲಿ ವಿದ್ವತ್ಸಭೆಯ ಮುಂದೆ ಪ್ರಬಂಧವನ್ನೇ ಓದಿದ. 1844ರಲ್ಲಿ ಆತ ತೀರಿಕೊಂಡ ಮೇಲೆ ಕಾಪಿಟ್ಟಿದ್ದ ಕಣ್ಣಿನ ಅಂಶವನ್ನು 1995ರಲ್ಲಿ ಪರೀಕ್ಷಿಸಿದಾಗ, ದೋಷದ ಆನುವಂಶಿಕ ಕಾರಣ ದೃಢಪಟ್ಟಿತು. ಈ ದೋಷವಿದ್ದವರಿಗೆ ರಸಾಯನಶಾಸ್ತ್ರ ಮುಚ್ಚಿದ ಬಾಗಿಲಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. 1917ರಲ್ಲಿ ಜಪಾನಿನ ಶಿನೊಬು ಇಶಿಹಾರಾ ರೂಪಿಸಿದ ಬಣ್ಣದ ಚುಕ್ಕೆಗಳ ಫಲಕಗಳಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ಲೋಕಲ್ ಗಾಡಿಯನ್ನು ನಡೆಸುವವರ ವರ್ಣದೃಷ್ಟಿಯನ್ನು ರೈಲ್ವೆ ಪರೀಕ್ಷಿಸಿಯೇ ನೇಮಿಸುತ್ತದೆ. ಅದೇ ಗಾಡಿಯಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿಯ ಕಣ್ಣನ್ನೂ ವರ್ಷಾರಂಭದಲ್ಲಿ ಒಮ್ಮೆ ಪರೀಕ್ಷಿಸುವುದು ಕಷ್ಟವೇನಲ್ಲ. ದೋಷ ಕಂಡುಬಂದರೆ ಪಿ.ಎಚ್. ಮೀಟರಿನ ನೆರವಿನಿಂದ ಪ್ರಯೋಗ ಮಾಡಲು, ಅಥವಾ ಬಣ್ಣವನ್ನು ಹೇಳಲು ಜೊತೆಗಾರನೊಬ್ಬನನ್ನು ಇಟ್ಟುಕೊಳ್ಳಲು ಅನುಮತಿ ಕೊಡಬಹುದು. ಸಮೀಪದೃಷ್ಟಿಯವರು ಕನ್ನಡಕ ಧರಿಸಲು ನಾಚುವುದೂ ಉಂಟು. ಬ್ಯೂರೆಟ್ಟಿನಲ್ಲಿ ದ್ರವದ ಬಾಗಿದ ಅಂಚನ್ನು ತಪ್ಪಾಗಿ ಓದಲು ಅಷ್ಟೇ ಸಾಕು.

ಹಸಿವು, ನಿದ್ರೆ, ಅಪಾಯ

ಡೊಂಬಿವಲಿ, ವಿರಾರ್, ನಾಲಾಸೋಪಾರಾಗಳಿಂದ ದಕ್ಷಿಣ ಮುಂಬಯಿಯ ಕಾಲೇಜಿಗೆ ಬರುವ ವಿದ್ಯಾರ್ಥಿ ಬೆಳಕು ಹರಿಯುವ ಮುನ್ನ ಎದ್ದು, ಒಂದು ಲೋಟ ಚಹಾ ಕುಡಿದು, ಗಾಡಿಯ ನೂಕುನುಗ್ಗಲಿನಲ್ಲಿ ನಿಂತೇ ಬರುತ್ತಾನೆ. ಬಳಿಕ ಪ್ರಯೋಗಶಾಲೆಯಲ್ಲಿಯೂ ಮೂರು ಗಂಟೆ ನಿಂತೇ ಇರಬೇಕು. ಬರಿಹೊಟ್ಟೆಯ ಕೈ ನಡುಗುತ್ತದೆ. ನೈಟ್ರೇಟಿನ ಪರೀಕ್ಷೆಯಲ್ಲಿ ಗಂಧಕಾಮ್ಲವನ್ನು ನಳಿಕೆಯ ಗೋಡೆಗುಂಟ ಮೆಲ್ಲನೆ ಇಳಿಸಿದರೆ ಮಾತ್ರ ಎರಡು ದ್ರವಗಳ ನಡುವೆ ಕಂದು ಉಂಗುರ ಮೂಡುತ್ತದೆ. ನಳಿಕೆ ಅಲುಗಿದರೆ ಉಂಗುರವೇ ಇಲ್ಲ. ಪ್ರಯೋಗವಿರುವ ದಿನ ಎರಡು ಇಡ್ಲಿಯನ್ನೋ ಒಂದು ಬಟ್ಟಲು ಅವಲಕ್ಕಿಯನ್ನೋ ತಿನ್ನಿಸಿ ಕಳುಹಿಸುವುದು, ಹಿಂದಿನ ರಾತ್ರಿ ಜರ್ನಲಿಗಾಗಿ ನಿದ್ರೆಗೆಡದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ.

ಅವಸರದಿಂದ ಅಪಾಯವೂ ಹೆಚ್ಚು. ಪಿಪೆಟ್ಟನ್ನು ಬಾಯಿಯಿಂದ ಎಳೆಯಬಾರದು. ರಬ್ಬರಿನ ಬುರುಡೆಯನ್ನು ಬಳಸಬೇಕು. ನೀರಿಗೆ ಆಮ್ಲವನ್ನು ಮೆಲ್ಲಮೆಲ್ಲನೆ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಹೊಯ್ಯಬಾರದು. ಮಳೆಗಾಲದ ಬರಿಚಪ್ಪಲಿ ಪ್ರಯೋಗಶಾಲೆಗೆ ಸಲ್ಲದು. ಚರ್ಮದ ಮೇಲೆ ಆಮ್ಲ ಬಿದ್ದರೆ ಕೂಡಲೇ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ತೆರೆದು ಹಿಡಿದು ಕನಿಷ್ಠ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಂಕ ಹೋದೀತೆಂಬ ಹೆದರಿಕೆಯಿಂದ ಗಾಯವನ್ನು ಮುಚ್ಚಿಡುವ ಮಕ್ಕಳಿದ್ದಾರೆ. ಅವರಿಗೆ ಧೈರ್ಯ ಹೇಳಬೇಕು.

ಮನೆಯೇ ಮೊದಲ ಪ್ರಯೋಗಶಾಲೆ

ಕನ್ನಡ ಮಾಧ್ಯಮದ ಶಾಲೆಯಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಪರಿಭಾಷೆಯ ತೊಡಕು ಬೇರೆ. ಆದರೆ ಅವರು ಬರಿಗೈಯಲ್ಲಿ ಬಂದವರಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆತೊಡನೆ ಓಕುಳಿ ಕೆಂಪಾಗುವುದನ್ನು ಅವರು ಬಾಲ್ಯದಿಂದ ಕಂಡಿದ್ದಾರೆ. ಅರಿಸಿನ ಕ್ಷಾರವನ್ನು ತೋರಿಸಿಕೊಡುವ ಸೂಚಕ. ಲಿಂಬೆರಸ ಹಿಂಡಿದರೆ ಮತ್ತೆ ಹಳದಿ. ಪುಸ್ತಕ ಹೇಳುವ ‘ಮೊಸರಿನಂಥ ಬಿಳಿಯ ಪ್ರಕ್ಷೇಪ’ ಒಡೆದ ಹಾಲನ್ನು ಕಂಡ ಕಣ್ಣಿಗೆ ಹೊಸದಲ್ಲ. ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಲೋಳೆಯಂಥ ಪ್ರಕ್ಷೇಪ ಹೆಪ್ಪುಗಟ್ಟಿದ ಗಂಜಿತಿಳಿಯನ್ನು ನೆನಪಿಗೆ ತರುತ್ತದೆ. ಕಂಡುದನ್ನು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸವನ್ನು ಬೆಳೆಸಿದರೆ ಅರ್ಧ ಭಯ ತೊಲಗುತ್ತದೆ.

ಅಂಕಗಳಾಚೆಗಿನ ಹೊಣೆ

ಒಂದು ಸುಳ್ಳು ಅಂಕಿಯಿಂದ ಲೋಕವೇನು ಮುಳುಗುತ್ತದೆಂದು ಕೇಳುವವರಿದ್ದಾರೆ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಔಷಧವಾಗಿ ಕೊಟ್ಟ ಗ್ಲಿಸರಾಲ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. 14 ರೋಗಿಗಳು ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗವು ಔಷಧದ ಖರೀದಿ, ಪರೀಕ್ಷೆ, ಮೇಲ್ವಿಚಾರಣೆಗಳಲ್ಲಿನ ಲೋಪಗಳನ್ನು ಎತ್ತಿ ತೋರಿಸಿತು. ನೋಡುವುದಕ್ಕೆ ಎರಡೂ ಬಣ್ಣವಿಲ್ಲದ, ಸಿಹಿಯಾದ ದ್ರವಗಳೇ. ಅವುಗಳ ಭೇದವನ್ನು ತೋರಿಸಬಲ್ಲದ್ದು ಪ್ರಾಮಾಣಿಕವಾದ ರಾಸಾಯನಿಕ ಪರೀಕ್ಷೆಯೊಂದೇ. ಇಂದು ಮುಂಬಯಿ ಮತ್ತು ಸುತ್ತಿನ ಔಷಧ ಕಾರ್ಖಾನೆಗಳ ಪ್ರಯೋಗಶಾಲೆಗಳಿಗೆ ಸೇರುವವರು, ನಿನ್ನೆ ಕಾಲೇಜಿನಲ್ಲಿ ಬ್ಯೂರೆಟ್ ಹಿಡಿದ ಮಕ್ಕಳೇ. ಕಾಣದ ಅಂಕಿಯನ್ನು ಬರೆದರೆ ಅಂಕ ಬರುತ್ತದೆಂದು ಅಲ್ಲಿ ಕಲಿತವನು ಇಲ್ಲಿ ಬೇರೆ ರೀತಿ ನಡೆಯುವನೆಂದು ಹೇಗೆ ನಂಬುವುದು?

ಪ್ರಾಮಾಣಿಕತೆಗೆ ಅಂಕ ಕೊಟ್ಟರೆ ನಿಖರತೆ ಕೆಡುತ್ತದೆಂಬ ಆಕ್ಷೇಪ ಬರಬಹುದು. ಅದು ನಿಲ್ಲುವಂಥದಲ್ಲ. ಮೂರು ಅಳತೆಗಳನ್ನೂ ಬಂದಂತೆಯೇ ಬರೆದರೆ ಅಜಾಗರೂಕತೆ ತಾನಾಗಿ ಬಯಲಾಗುತ್ತದೆ, ತಿದ್ದಿಕೊಳ್ಳಲು ದಾರಿಯೂ ಕಾಣುತ್ತದೆ. ತಿದ್ದಿ ಬರೆದ ಅಂಕಿಯಲ್ಲಿ ದೋಷವೂ ಅಡಗುತ್ತದೆ, ಪಾಠವೂ ಅಡಗುತ್ತದೆ. ಪರೀಕ್ಷಕರು ಅಂದಿನ ದ್ರಾವಣದಿಂದಲೇ ತಾವೂ ಅಳೆದು ನೋಡಬೇಕು. ಅಂಕಗಳಲ್ಲಿ ಒಂದು ಭಾಗವನ್ನು ಅಂಕಿಗೂ ಹೆಚ್ಚಿನ ಭಾಗವನ್ನು ಕ್ರಮ, ದಾಖಲೆ, ವಿವರಣೆಗಳಿಗೂ ಮೀಸಲಿಡಬೇಕು. ವರ್ಷವಿಡೀ ನಡೆದ ಕೆಲಸಕ್ಕೆ ಪರೀಕ್ಷೆಯ ದಿನಕ್ಕಿಂತ ಹೆಚ್ಚು ತೂಕವಿರಬೇಕು.

ಕನ್ನಡ ಸಂಘಗಳಿಗೂ ಇದರಲ್ಲಿ ಕೆಲಸವಿದೆ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಪ್ರತಿಭಾ ಪುರಸ್ಕಾರ ನೀಡುವುದು ಒಳ್ಳೆಯ ಸಂಪ್ರದಾಯವೇ. ಜೊತೆಗೆ, ಔಷಧ ಕಾರ್ಖಾನೆಗಳಲ್ಲಿ, ಸಂಶೋಧನಾಲಯಗಳಲ್ಲಿ ದುಡಿದು ನಿವೃತ್ತರಾದ ಹಿರಿಯರನ್ನು ಭಾನುವಾರದ ಒಂದೆರಡು ಗಂಟೆ ಕಿರಿಯರೊಡನೆ ಕೂಡಿಸಬೇಕು. ಸಂಘದ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೊಂದಿಗೆ ಕಾಲೇಜಿನ ಮಕ್ಕಳ ವರ್ಣದೃಷ್ಟಿಯನ್ನೂ ಪರೀಕ್ಷಿಸಬೇಕು. ಕಡಿಮೆ ಅಂಕ ತಂದ ಮಗನನ್ನೋ ಮಗಳನ್ನೋ ಗದರಿಸುವ ಮುನ್ನ ತಂದೆತಾಯಂದಿರು, ಅಂದು ಪ್ರಯೋಗಶಾಲೆಯಲ್ಲಿ ಅವರಿಗೆ ಕಂಡದ್ದೇನು, ಬರೆದದ್ದೇನು ಎಂದು ಒಮ್ಮೆ ಸಮಾಧಾನದಿಂದ ಕೇಳಲಿ.