ಸೈರನ್ ನಿಂತ ಮೇಲೂ ನಮಗೆ ನಿದ್ದೆ ಇಲ್ಲ!

ಬೆನ್ನು ಮುರಿದರೆ ರಜೆ, ಮನಸ್ಸು ಮುರಿದರೆ ಮೆಮೊ! ಇದು ಯಾವ ಊರ ನ್ಯಾಯ?

108 ಆಂಬುಲೆನ್ಸ್ ಓಡಿಸುವ ಪೈಲಟ್‌ಗಳೇ, ಅದರೊಳಗೆ ತುರ್ತು ಚಿಕಿತ್ಸೆ ಕೊಡುವ ಇಎಂಟಿಗಳೇ, ಅಗ್ನಿಶಾಮಕ ಸಿಬ್ಬಂದಿಯೇ, ಪೊಲೀಸ್ ಪೇದೆಗಳೇ, ಶವಾಗಾರದ ಕೆಲಸಗಾರರೇ, ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಅಕ್ಕತಂಗಿಯರೇ,

ನಿನ್ನೆ ರಾತ್ರಿ ನಿಮಗೆ ನಿದ್ದೆ ಬಂತಾ?

ನಮಗೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಹೆದ್ದಾರಿ, ಅದೇ ನುಜ್ಜುಗುಜ್ಜಾದ ಕಾರು, ಒಳಗಿಂದ ಅದೇ ಕೂಗು. ಸುತ್ತ ನಿಂತವರು ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಿದ್ದರು. ಒಳಗೆ ಕೈ ಹಾಕಿದ್ದು ನಾವು. ರಕ್ತ ತೊಳೆದು ಗಾಡಿ ಒರೆಸಿದ್ದು ನಾವು. ಸ್ಟ್ರೆಚರ್ ಇನ್ನೂ ಒಣಗಿರಲಿಲ್ಲ, ಮುಂದಿನ ಕೇಸ್ ಬಂತು. ಹೋದೆವು. ಹೋಗಲೇಬೇಕು!

ಯಾರಿಗೆ ಪೆಟ್ಟು ಬಿದ್ದಿದೆ, ನೋಡಿ!

ಓಡುವ ಗಾಡಿಯಲ್ಲೇ ಹೆರಿಗೆ ಮಾಡಿಸಿದ ಇಎಂಟಿ ತಂಗಿ. ಮಗು ಅಳಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಸಹಿ ಹಾಕಿಸಿಕೊಂಡು ಅವಳು ಮತ್ತೆ ಗಾಡಿ ಹತ್ತಿದಳು. ಮನೆಗೆ ಹೋಗಿ ತನ್ನ ಮಗುವನ್ನು ಎತ್ತಿಕೊಳ್ಳಲು ಅವಳಿಗೆ ಕೈ ನಡುಗುತ್ತದೆ!

ಕೆರೆಗೆ ಬಿದ್ದ ಹುಡುಗನನ್ನು ಹುಡುಕಲು ಇಳಿದ ಅಗ್ನಿಶಾಮಕದ ಅಣ್ಣ. ದಡದಲ್ಲಿ ತಾಯಿ ಕಾಯುತ್ತಿದ್ದಳು. ಅವಳ ಮುಖ ಅವನನ್ನು ಬಿಡುತ್ತಿಲ್ಲ.

ರೈಲು ಹಳಿಯ ಮೇಲೆ ಚೂರಾದ ದೇಹವನ್ನು ರಾತ್ರಿಯಿಡೀ ಕಾದು, ಬೆಳಿಗ್ಗೆ ಮಹಜರು ಬರೆಸಿದ ಪೇದೆ. ಮಧ್ಯಾಹ್ನವೇ ಬಂದೋಬಸ್ತ್ ಡ್ಯೂಟಿ!

ಶವಾಗಾರದ ಹಿರಿಯಣ್ಣ. ಕುಡಿಯದೆ ಒಳಗೆ ಕಾಲಿಡಲು ಆಗುವುದಿಲ್ಲ ಅವನಿಗೆ. ಕುಡುಕ ಎಂದು ಬೈಯುವವರಿಗೆ ಅಲ್ಲಿ ಐದು ನಿಮಿಷ ನಿಲ್ಲುವ ಗುಂಡಿಗೆ ಇದೆಯೇ?

ಫೋನಿನಲ್ಲಿ "ಬೇಗ ಬನ್ನಿ, ಉಸಿರು ನಿಂತುಹೋಗ್ತಿದೆ" ಎಂಬ ಮಾತು ಕೇಳುತ್ತಲೇ, ಹತ್ತಿರ ಒಂದೂ ಗಾಡಿ ಖಾಲಿ ಇಲ್ಲವೆಂದು ತಿಳಿದಿರುವ ಹುಡುಗಿ. ಕರೆ ಕಟ್ಟಾದ ಮೇಲೆ ಆ ದನಿ ಅವಳ ಕಿವಿಯಲ್ಲೇ ಉಳಿಯುತ್ತದೆ.

ಇವರೆಲ್ಲ ನಾವೇ! ಇವರೆಲ್ಲ ನೀವೇ!

2010ರಲ್ಲಿ ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ಉರುಳಿ 158 ಜನ ಸತ್ತರು. ಅದೇ ವರ್ಷ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಹೋದರು. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2021ರ ಕೋವಿಡ್‌ನಲ್ಲಿ ಬೆಡ್ ಸಿಗದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಗಳನ್ನು ಹೊತ್ತು ಸುತ್ತಿದೆವು. ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತವು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕಾಣೆಯಾದವರಿಗಾಗಿ ಗಂಗಾವಳಿ ನದಿಯಲ್ಲಿ ಹುಡುಕಾಟ ಸೆಪ್ಟೆಂಬರ್ ತಿಂಗಳಿಗೂ ಸಾಗಿತು.

ಪ್ರತಿ ಸಲವೂ ಟಿವಿಯವರು ಹೆಣ ಎಣಿಸಿದರು. ಹೆಣ ಎತ್ತಿದವರನ್ನು ಯಾರು ಎಣಿಸಿದರು? ಅವರು ಈಗ ಹೇಗಿದ್ದಾರೆ ಎಂದು ಯಾರು ಕೇಳಿದರು?

ಯಾರೂ ಕೇಳಲಿಲ್ಲ!

ನಾವು ಬಾಯಿ ಬಿಟ್ಟರೆ ಏನು ಸಿಗುತ್ತದೆ? "ಇಷ್ಟಕ್ಕೇ ಹೆದರೋನು ಈ ಕೆಲಸಕ್ಕೆ ಯಾಕೆ ಬಂದೆ?" "ಅಭ್ಯಾಸ ಆಗುತ್ತೆ ಬಿಡು." "ಗಂಡಸಲ್ವಾ ನೀನು?" ರಜೆ ಕೇಳಿದರೆ ರಿಲೀವರ್ ಇಲ್ಲ. ಡಾಕ್ಟರ ಬಳಿ ಹೋದೆ ಎಂದರೆ ತಲೆ ಕೆಟ್ಟವನೆಂಬ ಹಣೆಪಟ್ಟಿ. ಗುತ್ತಿಗೆಯವನಾದರೆ ಮುಂದಿನ ತಿಂಗಳು ಹೆಸರೇ ಇರುವುದಿಲ್ಲ!

2008ರಲ್ಲಿ ನಮ್ಮ ರಾಜ್ಯದ ರಸ್ತೆಗೆ 108 ಇಳಿಯಿತು. ಅಂದಿನಿಂದ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಬದುಕಿದರು! ಅವರನ್ನು ಬದುಕಿಸಿದ ಕೈಗಳಿಗೆ ಸಿಕ್ಕಿದ್ದು 12 ಗಂಟೆಯ ಪಾಳಿ. ಬಾಕಿ ಸಂಬಳಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಡಬೇಕಾದ ಗತಿ. ರಾತ್ರಿ ಹೆಣ ಹೊತ್ತು, ಬೆಳಿಗ್ಗೆ ಬಾಡಿಗೆ ಕೇಳುವ ಮನೆ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಮನಸ್ಸು ಉಳಿಯುವುದು ಹೇಗೆ?

ವರ್ಷಕ್ಕೊಂದು ಯೋಗ ಶಿಬಿರ ಮಾಡುತ್ತಾರೆ. ಬ್ಯಾನರ್ ಕಟ್ಟುತ್ತಾರೆ, ಫೋಟೋ ತೆಗೆಸುತ್ತಾರೆ. ಯೋಗ ಬೇಡ ಎಂದವರು ಯಾರು? ಯೋಗ ಮಾಡಲು ಮೊದಲು ಡ್ಯೂಟಿ ಮುಗಿಯಬೇಕಲ್ಲ, ಸ್ವಾಮಿ!

ಗೆಳೆಯರೇ, ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ.

ಆ ಕೇಸ್ ಬೇಡವೆಂದರೂ ಕಣ್ಣ ಮುಂದೆ ಬರುತ್ತಿದೆಯೇ? ಕೆಟ್ಟ ಕನಸು ಬಿದ್ದು ಎದ್ದು ಕೂರುತ್ತೀರಾ? ಆ ರಸ್ತೆ ಬಿಟ್ಟು ಸುತ್ತು ದಾರಿ ಹಿಡಿಯುತ್ತೀರಾ? ಬಾಗಿಲು ಬಡಿದ ಸದ್ದಿಗೂ ಬೆಚ್ಚಿ ಬೀಳುತ್ತೀರಾ? ಹೆಂಡತಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೀರಾ? ಯಾವುದೂ ಬೇಡ ಅನ್ನಿಸುತ್ತಿದೆಯೇ?

ನಾಲ್ಕು ದಿನ ಹೀಗಾದರೆ ಅದು ಯಾರಿಗಾದರೂ ಆಗುವಂಥದ್ದು. ಒಂದು ತಿಂಗಳು ದಾಟಿಯೂ ಬಿಡದಿದ್ದರೆ ಡಾಕ್ಟರನ್ನು ಕಾಣಲೇಬೇಕು. ಡಾಕ್ಟರುಗಳು ಇದನ್ನು ಪಿಟಿಎಸ್‌ಡಿ ಎನ್ನುತ್ತಾರೆ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಔಷಧವೂ ಇದೆ. ವಾಸಿಯಾದವರು ಮತ್ತೆ ಡ್ಯೂಟಿಗೆ ಬಂದು ನಿಂತಿದ್ದಾರೆ! ಕ್ವಾರ್ಟರ್ ಬಾಟಲಿ ಇದಕ್ಕೆ ಮದ್ದಲ್ಲ. ಒಂದು ರಾತ್ರಿ ಮಲಗಿಸುತ್ತದೆ, ಆಮೇಲೆ ಮನೆಯನ್ನೇ ಮಲಗಿಸುತ್ತದೆ.

ಇನ್ನೊಂದು ಮಾತು. ದೊಡ್ಡ ಅವಘಡ ಆದ ದಿನವೇ ಎಲ್ಲರನ್ನೂ ಕೂರಿಸಿ "ಆದದ್ದೆಲ್ಲ ಹೇಳಿ" ಎಂದು ಒತ್ತಾಯಿಸಬಾರದು. ಹಾಗೆ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆ ಹೊತ್ತಿಗೆ ಬೇಕಾದದ್ದು ನೀರು, ಊಟ, ಮಲಗಲು ಜಾಗ, ಮನೆಗೊಂದು ಫೋನ್, ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯ. ನೊಂದವನು ತಾನಾಗಿ ಮಾತಾಡಿದರೆ ಕೇಳಿ. ಆಡದಿದ್ದರೆ ಸುಮ್ಮನೆ ಜೊತೆಗಿರಿ.

ನಾವು ಬೇಡುತ್ತಿರುವುದು ಭಿಕ್ಷೆಯಲ್ಲ!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿಯೊಬ್ಬರಿಗೂ ಮನಸ್ಸಿನ ಚಿಕಿತ್ಸೆ ಪಡೆಯುವ ಹಕ್ಕು ಕೊಟ್ಟಿದೆ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಎಂದಿದೆ. ವಿಮೆಯಲ್ಲೂ ಮೈಯ ಕಾಯಿಲೆಗೆ ಸಮನಾಗಿ ಮನಸ್ಸಿನ ಕಾಯಿಲೆಯನ್ನು ನೋಡಬೇಕು ಎಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲೇ ಪಿಟಿಎಸ್‌ಡಿಯನ್ನು ವೃತ್ತಿ ರೋಗಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಪಟ್ಟಿಯಲ್ಲಿ ಸೀಸದ ವಿಷ ಇದೆ, ಕಲ್ಲು ದೂಳಿನ ಸಿಲಿಕೋಸಿಸ್ ಇದೆ. ನಮ್ಮ ಗಾಯ ಮಾತ್ರ ಇಲ್ಲ!

ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಕೆಲಸವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೇಶಕ್ಕೇ ದಾರಿ ತೋರಿಸಿದ ನಾಡು ತನ್ನ ಆಂಬುಲೆನ್ಸ್ ಒಳಗೆ ಇಣುಕಿ ನೋಡಬಾರದೇ?

ನಮ್ಮ ಹಕ್ಕೊತ್ತಾಯಗಳು:

1. ಸಾವುನೋವಿನ ದೊಡ್ಡ ಕೇಸ್ ಆದ ಮೇಲೆ ಆ ತಂಡಕ್ಕೆ ಸಂಬಳ ಸಹಿತ ಬಿಡುವು ಕೊಡಿ. ಅದಕ್ಕೆ ಬೇಕಾದಷ್ಟು ರಿಲೀವರ್‌ಗಳನ್ನು ನೇಮಿಸಿ!

2. 12 ಗಂಟೆ ಪಾಳಿ ನಿಲ್ಲಿಸಿ! 8 ಗಂಟೆ ಮಾಡಿ!

3. ಪ್ರತಿ ಜಿಲ್ಲೆಯಲ್ಲೂ ತುರ್ತು ಸೇವೆಯವರಿಗೆಂದೇ ಉಚಿತ ಚಿಕಿತ್ಸೆಯ ದಿನ ಗೊತ್ತು ಮಾಡಿ. ಮೇಲಧಿಕಾರಿಯ ಕಿವಿಗೆ ಅದು ಬೀಳಬಾರದು. ಸರ್ವಿಸ್ ಬುಕ್ಕಿನಲ್ಲಿ ಕಪ್ಪು ಚುಕ್ಕೆ ಬೀಳಬಾರದು!

4. ಕೆಲಸದಿಂದ ಮನಸ್ಸಿಗೆ ಆದ ಗಾಯವನ್ನು ವೃತ್ತಿ ರೋಗವೆಂದು ಒಪ್ಪಿ, ಪರಿಹಾರ ಕೊಡಿ!

5. ಕಾಯಂ, ಗುತ್ತಿಗೆ, ಹೊರಗುತ್ತಿಗೆ ಎಂಬ ಭೇದ ಬೇಡ. ತಿಂಗಳ ಸಂಬಳ ಆ ತಿಂಗಳೇ ಕೈಗೆ ಬರಲಿ!

ಊರಿನ ಜನರೇ, ನಿಮಗೂ ಒಂದು ಮಾತು. ಗಾಡಿ ತಡವಾಯಿತೆಂದು ಪೈಲಟ್‌ನ ಕಾಲರ್ ಹಿಡಿಯಬೇಡಿ. ಗಾಡಿ ಕಡಿಮೆ ಕೊಟ್ಟವರನ್ನು, ರಸ್ತೆ ಹಾಳು ಬಿಟ್ಟವರನ್ನು ಹಿಡಿದು ಕೇಳಿ! ನಿದ್ದೆಗೆಟ್ಟ ಕೈಯಲ್ಲಿ ಸ್ಟೀರಿಂಗ್ ಇದ್ದರೆ, ಹಿಂದೆ ಸ್ಟ್ರೆಚರ್ ಮೇಲೆ ಮಲಗಿರುವುದು ನಿಮ್ಮ ಅಪ್ಪ, ನಿಮ್ಮ ಮಗಳು. ನಮ್ಮ ನಿದ್ದೆಯ ಪ್ರಶ್ನೆ ನಿಮ್ಮ ಪ್ರಾಣದ ಪ್ರಶ್ನೆಯೂ ಹೌದು!

ಸರ್ಕಾರ ಏಳುವವರೆಗೆ ನಾವು ಒಬ್ಬರನ್ನೊಬ್ಬರು ಕಾಯೋಣ. ಪಾಳಿ ಬದಲಾಗುವಾಗ ಗಾಡಿಯ ಡೀಸೆಲ್, ಆಕ್ಸಿಜನ್ ನೋಡುತ್ತೀರಿ. ಜೊತೆಯವನ ಮುಖವನ್ನೂ ನೋಡಿ. "ಊಟ ಆಯ್ತಾ? ನಿದ್ದೆ ಬಂತಾ?" ಎಂದು ಕೇಳಿ. ಸಾಯಬೇಕು ಅನ್ನಿಸುತ್ತಿದೆ ಎಂದು ಯಾರಾದರೂ ಹೇಳಿದರೆ ತಮಾಷೆ ಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. ಹಗಲೂ ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬನ್ನಿ! ಪ್ರತಿ ಆಂಬುಲೆನ್ಸ್ ಪಾಯಿಂಟ್‌ನಲ್ಲಿ, ಪ್ರತಿ ಅಗ್ನಿಶಾಮಕ ಠಾಣೆಯಲ್ಲಿ, ಪ್ರತಿ ಶವಾಗಾರದ ಬಾಗಿಲಲ್ಲಿ ಸಭೆ ಸೇರೋಣ. ಈ ಹಕ್ಕೊತ್ತಾಯಗಳಿಗೆ ಸಹಿ ಹಾಕೋಣ. ಹೆಂಡತಿ, ಗಂಡ, ಅಪ್ಪ, ಅಮ್ಮ ಎಲ್ಲರನ್ನೂ ಕರೆದುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ತುರ್ತು ಸೇವೆ ಒಂದು ನಿಮಿಷವೂ ನಿಲ್ಲದಂತೆ, ಪಾಳಿ ಮುಗಿಸಿದವರು ಸರದಿಯಲ್ಲಿ ಹೋಗೋಣ!

ಒಬ್ಬೊಬ್ಬರೇ ಹೋದರೆ ಮೆಮೊ ಸಿಗುತ್ತದೆ. ಒಟ್ಟಿಗೆ ಹೋದರೆ ಉತ್ತರ ಸಿಗುತ್ತದೆ!

ಇದನ್ನು ಓದಿ ಜೇಬಿಗೆ ಹಾಕಿಕೊಳ್ಳಬೇಡಿ. ಪಕ್ಕದವರ ಕೈಗೆ ಕೊಡಿ. ಇವತ್ತೇ ಸಹಿ ಹಾಕಿ!

ಇಂತಿ,
ತುರ್ತು ಸೇವೆಯಲ್ಲಿರುವ ನಿಮ್ಮ ಜೊತೆ ಕೆಲಸಗಾರರು